ಸ್ಕಾಟ್ಲೆಂಡ್ ಉತ್ತರ ಕರಾವಳಿ: ಅಪ್ಪ-ಅಮ್ಮನ ಜೊತೆ ಮೋಟರ್‌ಹೋಮ್ ಆಗುತ್ತಾ?

ವಿಜಯನಗರ_ಸ್ವಿಫ್ಟ್:
ಎಲ್ಲರಿಗೂ ನಮಸ್ಕಾರ. ಜೂನ್‌ನಲ್ಲಿ ನಾನು, ಹೆಂಡತಿ, ಅಪ್ಪ, ಅಮ್ಮ ಸ್ಕಾಟ್ಲೆಂಡ್‌ಗೆ ಹೊರಟಿದ್ದೇವೆ. ಇನ್ವರ್ನೆಸ್‌ನಿಂದ ಶುರುವಾಗಿ ಅಲ್ಲಿಗೇ ವಾಪಸ್ ಬರುವ ನಾರ್ತ್ ಕೋಸ್ಟ್ 500 ಅನ್ನುವ ರಸ್ತೆ ಸುತ್ತಬೇಕು ಅಂತ ಆಸೆ. ಸುಮಾರು 830 ಕಿ.ಮೀ. ಕೈಯಲ್ಲಿರುವುದು ಒಂದು ವಾರ. ಅಮ್ಮ ಈರುಳ್ಳಿ ಬೆಳ್ಳುಳ್ಳಿ ಕೂಡ ಮುಟ್ಟುವುದಿಲ್ಲ, ಅದಕ್ಕೇ ಮೋಟರ್‌ಹೋಮ್, ಅಂದರೆ ಅಡುಗೆಮನೆ, ಹಾಸಿಗೆ ಎಲ್ಲ ಇರುವ ಗಾಡಿ. ಅಪ್ಪನಿಗೆ ಮಂಡಿ ನೋವು. ನಾನು ಇಲ್ಲಿ ಓಡಿಸುವುದು ಸ್ವಿಫ್ಟ್, ಅಷ್ಟು ದೊಡ್ಡ ಗಾಡಿ ಸಂಭಾಳಿಸಬಹುದಾ? ಆಪಲ್‌ಕ್ರಾಸ್ ಘಾಟಿಯ ವಿಡಿಯೋ ನೋಡಿ ತಲೆ ಕೆಟ್ಟಿದೆ. ಇನ್ನೊಂದು, ರಾತ್ರಿ ಸಮುದ್ರದ ಪಕ್ಕ ಎಲ್ಲಿ ಬೇಕಾದರೂ ನಿಲ್ಲಿಸಿ ಮಲಗಬಹುದು ಅಂತ ಆಫೀಸಿನಲ್ಲಿ ಒಬ್ಬರು ಹೇಳಿದರು. ನಿಜಾನಾ?

ಡಬಲ್_ಕ್ಲಚ್:
ಲೈಸೆನ್ಸ್ ಬಗ್ಗೆ ಮಾತ್ರ ಹೇಳ್ತೀನಿ. ನಮ್ಮ ಕಾರ್ ಲೈಸೆನ್ಸ್‌ನಲ್ಲಿ ಅಲ್ಲಿ 12 ತಿಂಗಳವರೆಗೆ ಓಡಿಸಬಹುದು. ಗಾಡಿ 3.5 ಟನ್ ಒಳಗಿರಲಿ. ಅಲ್ಲೂ ಎಡಗಡೆಯೇ ಓಡಿಸೋದು, ಸ್ಟೇರಿಂಗ್ ಬಲಗಡೆ. ಆ ತಲೆನೋವು ಇಲ್ಲ.

ಬಸವನಗುಡಿ_ಆಂಟಿ:
ನೋಡಪ್ಪಾ, ನಾನು ಓಡಿಸಿದವಳಲ್ಲ, ಪಕ್ಕದ ಸೀಟಿನಲ್ಲಿ ಮ್ಯಾಪ್ ಹಿಡಿದು ಕೂತವಳು. ಪ್ರಪಾತ ಕಾಣುವುದು ಆ ಕಡೆಗೇ. ಹಾಗಾಗಿ ನನ್ನ ಮಾತು ಕೇಳು.

ಆಪಲ್‌ಕ್ರಾಸ್ ಘಾಟಿ, ಅಂದರೆ ಬ್ಯಾಲಖ್ ನಾ ಬಾ, ಬೇಡವೇ ಬೇಡ. ಸಮುದ್ರದ ಮಟ್ಟದಿಂದ 626 ಮೀಟರ್‌ವರೆಗೆ ಒಂದೇ ಗಾಡಿ ಹಿಡಿಯುವ ರಸ್ತೆ, ಹೇರ್‌ಪಿನ್ ತಿರುವು ಬೇರೆ. ಕಲಿಯುವವರು, ದೊಡ್ಡ ಗಾಡಿಯವರು ಬರಬೇಡಿ ಅಂತ ಕೆಳಗೇ ಬೋರ್ಡ್ ಹಾಕಿದ್ದಾರೆ. ಲಾಕ್‌ಇನ್ವರ್‌ನಿಂದ ಡ್ರಂಬೆಗ್ ಮೇಲೆ ಹೋಗುವ ಬಿ869 ಕೂಡ ಅಂಥದ್ದೇ.

ಉಳಿದ ಕಡೆ ಒಂಟಿ ರಸ್ತೆ ಬಂದರೆ ಹೆದರಬೇಡ. ಅಲ್ಲಲ್ಲಿ ಪಾಸಿಂಗ್ ಪ್ಲೇಸ್, ಅಂದರೆ ಎದುರು ಗಾಡಿಗೆ ದಾರಿ ಬಿಡಲು ರಸ್ತೆ ಪಕ್ಕ ಅಗಲ ಮಾಡಿದ ಜಾಗ ಇರುತ್ತೆ. ನಿನ್ನ ಎಡಗಡೆ ಇದ್ದರೆ ಒಳಗೆ ಹೋಗಿ ನಿಲ್ಲು. ಬಲಗಡೆ ಇದ್ದರೆ ದಾಟಿ ಹೋಗಬೇಡ, ಅದರ ಎದುರಿಗೆ ರಸ್ತೆಯಲ್ಲೇ ನಿಂತುಕೋ, ಬರುವವರು ಅದರೊಳಗೆ ನುಗ್ಗಿ ಸುತ್ತಿಕೊಂಡು ಹೋಗ್ತಾರೆ. ಹಿಂದೆ ಸ್ಥಳೀಯರು ಬಂದರೆ ನಿಲ್ಲಿಸಿ ಬಿಟ್ಟುಕೊಡು. ಅವರು ಕೆಲಸಕ್ಕೆ ಹೊರಟಿರುತ್ತಾರೆ, ನಮ್ಮ ಹಾಗೆ ಕುರಿ ನೋಡಲು ಅಲ್ಲ. ಅಲ್ಲೇ ನಿಲ್ಲಿಸಿ ಫೋಟೋ ತೆಗೆಯುವವರನ್ನು ಕಂಡರೆ ನನಗೇ ಮೈ ಉರಿಯುತ್ತೆ.

ಒಂದು ವಾರಕ್ಕೆ ಪೂರ್ತಿ ಸುತ್ತು ಯಾಕೆ? ಬೆಳಗ್ಗೆಯಿಂದ ಸಂಜೆಯವರೆಗೆ ಗಾಡಿಯಲ್ಲೇ ಕೂತರೆ ಅಪ್ಪನ ಮಂಡಿ ಗತಿ ಏನು? ಇನ್ವರ್ನೆಸ್‌ನಿಂದ ನೇರ ಅಲ್ಲಾಪೂಲ್‌ಗೆ ಹೋಗಿ, ರಸ್ತೆ ಚೆನ್ನಾಗಿದೆ. ದಿನಸಿ, ಡೀಸೆಲ್ ಅಲ್ಲೇ ತುಂಬಿಸಿ. ಆಮೇಲೆ ಕೈಲೆಸ್ಕು ಸೇತುವೆ, ಸ್ಕೌರಿ, ಡರ್ನೆಸ್. ಅಲ್ಲಿಂದ ಟಂಗ್, ಲೈರ್ಗ್ ಮೇಲೆ ವಾಪಸ್. ಈಶಾನ್ಯ ಮೂಲೆಯ ಜಾನ್ ಓ ಗ್ರೋಟ್ಸ್ ಊರು ಬಿಟ್ಟರೆ ಏನೂ ಕಳ್ಕೊಳ್ಳಲ್ಲ. ಜನ ಬೋರ್ಡ್ ಪಕ್ಕ ಫೋಟೋಗೆ ಹೋಗ್ತಾರೆ. ಅದು ಬ್ರಿಟನ್ ನೆಲದ ಉತ್ತರದ ತುದಿಯೂ ಅಲ್ಲ, ತುದಿ ಇರುವುದು ಡನೆಟ್ ಹೆಡ್‌ನಲ್ಲಿ. ಡರ್ನೆಸ್‌ನಲ್ಲಿ ಸ್ಯಾಂಗೋ ಕಡಲತೀರದ ಮೇಲೇ ಕ್ಯಾಂಪ್‌ಸೈಟ್ ಇದೆ. ಜೂನ್‌ನಲ್ಲಿ ರಾತ್ರಿ ಹತ್ತಾದರೂ ಬಿಸಿಲು. ಅಪ್ಪನಿಗೆ ಕುರ್ಚಿ ಹಾಕಿ ಕೂರಿಸು, ಸಾಕು. ಸ್ಮೂ ಗುಹೆಗೆ ಮೆಟ್ಟಿಲು ಜಾಸ್ತಿ, ನೀವಿಬ್ಬರೇ ಹೋಗಿಬನ್ನಿ.

ಎಲ್ಲಿ ಬೇಕಾದರೂ ಮಲಗಬಹುದು ಅನ್ನೋದು ಸುಮ್ನೆ ಮಾತು. 2003ರ ಕಾನೂನು ಹಕ್ಕು ಕೊಟ್ಟಿರುವುದು ನಡೆದು ಹೋಗಿ ಟೆಂಟ್ ಹಾಕುವವರಿಗೆ. ಗಾಡಿಗೆ ಅದು ಅನ್ವಯಿಸಲ್ಲ. ಕ್ಯಾಂಪ್‌ಸೈಟ್ ಮೊದಲು ಬುಕ್ ಮಾಡು, ಆಮೇಲೆ ರಸ್ತೆ ಲೆಕ್ಕ ಹಾಕು.

ಬುಕ್ ಮಾಡುವಾಗ ಹಾಸಿಗೆ ಎಲ್ಲಿದೆ ಅಂತ ಕೇಳು. ಎಷ್ಟೋ ಗಾಡಿಗಳಲ್ಲಿ ಒಂದು ಹಾಸಿಗೆ ಡ್ರೈವರ್ ತಲೆ ಮೇಲಿರುತ್ತೆ, ಏಣಿ ಹತ್ತಬೇಕು. ಅದು ನಿಮ್ಮಿಬ್ಬರಿಗೆ. ಹಿಂದೆ ಕೆಳಗೇ ಹಾಸಿಗೆ ಇರುವ ಗಾಡಿ ಆರಿಸಿಕೋ.

ಇನ್ನು ಯಾರೂ ಹೇಳದ ವಿಷಯ, ಟಾಯ್ಲೆಟ್. ಅದರ ಕೆಳಗೆ ಕ್ಯಾಸೆಟ್ ಅಂತ ಪ್ಲಾಸ್ಟಿಕ್ ಡಬ್ಬಿ. ಗಾಡಿಯ ಹೊರಗಿನಿಂದ ಪುಟ್ಟ ಬಾಗಿಲು ತೆಗೆದು ಎಳೆದುಕೊಂಡು, ಕ್ಯಾಂಪ್‌ಸೈಟ್‌ನಲ್ಲಿ ಅದಕ್ಕೆಂದೇ ಇರುವ ಜಾಗದಲ್ಲಿ ಸುರಿದು ತೊಳೆಯಬೇಕು. ನಮ್ಮ ಮನೆಯವರು ಗ್ಲೌಸ್ ಹಾಕಿ, ಮುಖಕ್ಕೆ ಟವೆಲ್ ಸುತ್ತಿ ಹೊರಡುತ್ತಿದ್ದರು. ಪಕ್ಕದ ಗಾಡಿಯವರು ಗುಡ್ ಮಾರ್ನಿಂಗ್ ಅಂದರೆ ಟವೆಲ್ ಒಳಗಿನಿಂದಲೇ ಉತ್ತರ. ನಿಮ್ಮಲ್ಲಿ ಈ ಕೆಲಸ ಯಾರದ್ದು ಅಂತ ಇಲ್ಲೇ ತೀರ್ಮಾನ ಮಾಡಿಕೊಂಡು ಹೋಗಿ.

ಕೋರಮಂಗಲ_ಕಾಫಿ:
ನಾನಾದರೆ ಕಾರು ತಗೊಂಡು ಅಡುಗೆಮನೆ ಇರುವ ಕಾಟೇಜ್ ಹಿಡೀತೀನಿ. ಆಪಲ್‌ಕ್ರಾಸ್ ಆಸೆಯೂ ತೀರುತ್ತೆ, ಡಬ್ಬಿ ತೊಳೆಯೋದೂ ಇಲ್ಲ.

ವಿಜಯನಗರ_ಸ್ವಿಫ್ಟ್:
ಆಂಟಿ, ಥ್ಯಾಂಕ್ಸ್! ಅಪ್ಪನಿಗೆ ಓದಿ ಹೇಳಿದೆ. ಕಾಟೇಜ್ ಬೇಡ, ಗಾಡಿಯೇ ಬೇಕಂತೆ. ಅಮ್ಮ ಇಂಡಕ್ಷನ್ ಒಲೆ, ಕುಕ್ಕರ್, ಒಂದು ಡಬ್ಬಿ ತುಪ್ಪ ತೆಗೆದಿಟ್ಟಿದ್ದಾರೆ.

ಬಸವನಗುಡಿ_ಆಂಟಿ:
ಕುಕ್ಕರ್ ಇರಲಿ. ಇಂಡಕ್ಷನ್ ಬಿಟ್ಟುಬಿಡಿ, ಗಾಡಿಯಲ್ಲಿ ಗ್ಯಾಸ್ ಒಲೆ ಇರುತ್ತೆ. ಕ್ಯಾಂಪ್‌ಸೈಟ್‌ನವರು ಕೊಡುವುದು 10 ಅಥವಾ 16 ಆಂಪ್ಸ್ ಕರೆಂಟ್. ಹೀಟರ್ ಜೊತೆ ಅದನ್ನೂ ಹಾಕಿದರೆ ಟ್ರಿಪ್ ಆಗುತ್ತೆ. ತುಪ್ಪ ಇಲ್ಲಿಂದ ಒಯ್ಯುವ ಹಾಗಿಲ್ಲ, ಹಾಲಿನ ಪದಾರ್ಥಕ್ಕೆ ಅಲ್ಲಿ ನಿಷೇಧ. ಪುಳಿಯೋಗರೆ ಗೊಜ್ಜು ಜಾಸ್ತಿ ಮಾಡಿಕೊಳ್ಳಿ. ಮತ್ತೆ ಜೂನ್ ಅಂದರೆ ಮಿಡ್ಜ್ ನುಸಿ ಕಾಲ. ಗಾಳಿ ಇದ್ದರೆ ಬರಲ್ಲ, ಗಾಳಿ ನಿಂತ ಸಂಜೆ ಮುಖ ಮುಚ್ಚುವ ಬಲೆ ಬೇಕು. ನಾಲ್ಕು ತಗೊಳ್ಳಿ.