ಮುಚ್ಚಿದ ಕ್ರೋಮ್ ಪ್ಲೇಟಿಂಗ್ ಘಟಕದ ಜಾಗ: ಶುದ್ಧೀಕರಣಕ್ಕೆ ಸರ್ಕಾರದ ಹಣ ಯಾವ ಬಾಬ್ತಿನಿಂದ?

ಪುರಸೇವೆ:
ನಗರಸಭೆ ವ್ಯಾಪ್ತಿಯ ಹಳೇ ಕೈಗಾರಿಕಾ ಪ್ರದೇಶದಲ್ಲಿ 3 ಎಕರೆ ಜಾಗ. ಕ್ರೋಮ್ ಪ್ಲೇಟಿಂಗ್ (ಲೋಹಕ್ಕೆ ಕ್ರೋಮಿಯಂ ಲೇಪಿಸುವ) ಘಟಕ ಮುಚ್ಚಿದೆ, ಕಂಪನಿ ಈಗಷ್ಟೇ ಲಿಕ್ವಿಡೇಶನ್‌ಗೆ (ಆಸ್ತಿ ಮಾರಿ ಸಾಲ ತೀರಿಸಿ ಕಂಪನಿ ಮುಚ್ಚುವ ಪ್ರಕ್ರಿಯೆಗೆ) ಹೋಗಿದೆ, ಬ್ಯಾಂಕ್ ಹರಾಜಿನ ಮಾತೂ ಇದೆ. ಪಕ್ಕದ ಬೋರ್‌ವೆಲ್ ನೀರು ಹಳದಿ. ಕೌನ್ಸಿಲ್‌ನವರಿಗೆ ಅಲ್ಲಿ ತರಕಾರಿ ಮಾರುಕಟ್ಟೆ, ಮೇಲೆ ಬಾಡಿಗೆ ಮಳಿಗೆ ಕಟ್ಟುವ ಆಸೆ. ಸ್ವಚ್ಛ ಭಾರತ್ 2.0ರಲ್ಲಿ ಹಳೇ ಕಸಕ್ಕೆ ಕೊಡುವ ಅನುದಾನ ಇದಕ್ಕೆ ಬರುತ್ತದಾ? 2025ರ ಕಲುಷಿತ ಸ್ಥಳಗಳ ನಿಯಮದಡಿ ಕೇಂದ್ರದ ಹಣ ಕೇಳಬಹುದಾ? ಹರಾಜಿನಲ್ಲಿ ಅಗ್ಗಕ್ಕೆ ಹಿಡಿದು ಆಮೇಲೆ ಅರ್ಜಿ ಹಾಕೋಣ ಅನ್ನುತ್ತಿದ್ದಾರೆ, ಸರಿಯಾ?

ಕಡತಪ್ರಿಯ:
ಕೊನೆಯ ಪ್ರಶ್ನೆಗೆ ಮೊದಲು: ಬೇಡ ಸರ್. ಹರಾಜು ‘ಇದ್ದಲ್ಲಿ, ಇದ್ದಂತೆ’ ಎಂಬ ಷರತ್ತಿನಲ್ಲಿ ನಡೆಯುತ್ತದೆ. ಜಾಗದ ಜೊತೆ ವಿಷವೂ ನಗರಸಭೆಯ ಹೆಸರಿಗೆ ಬರುತ್ತದೆ, ‘ಮಾಲೀಕರೇ ಇದ್ದಾರಲ್ಲ’ ಎಂದು ಕಡತ ವಾಪಸ್ ಕಳಿಸಲು ಮೇಲಿನವರಿಗೆ ಕಾರಣ ಸಿಗುತ್ತದೆ.

ಸ್ವಚ್ಛ ಭಾರತ್ ಹಣ ಬರುವುದಿಲ್ಲ. ಅಲ್ಲಿ ಟನ್‌ಗೆ ₹550ರ ಲೆಕ್ಕ ಇರುವುದು ಊರ ಕಸದ ಗುಡ್ಡ ಜರಡಿ ಹಿಡಿಯುವುದಕ್ಕೆ. ಕ್ರೋಮಿಯಂ ಮಣ್ಣು ಅಪಾಯಕಾರಿ ತ್ಯಾಜ್ಯ, ಅದನ್ನು ಆ ಬಿಲ್‌ಗೆ ಸೇರಿಸಿದರೆ ಆಡಿಟ್‌ನಲ್ಲಿ ಸಿಕ್ಕಿಬೀಳುತ್ತೀರಿ.

2025ರ ಜುಲೈನಲ್ಲಿ ಬಂದ ನಿಯಮವೇ ನಿಮ್ಮ ದಾರಿ. ಶಂಕಿತ ಜಾಗಗಳ ಪಟ್ಟಿಯನ್ನು ಸ್ಥಳೀಯ ಸಂಸ್ಥೆ ಅಥವಾ ಜಿಲ್ಲಾಡಳಿತ ಆರು ತಿಂಗಳಿಗೊಮ್ಮೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ ಕೊಡಬೇಕು. ಅಂದರೆ ಮೊದಲ ಪತ್ರ ನಿಮ್ಮ ಕಚೇರಿಯಿಂದಲೇ ಹೋಗಬಹುದು. ಪ್ರಾಥಮಿಕ ಪರಿಶೀಲನೆಗೆ ಮಂಡಳಿಗೆ 90 ದಿನ, ವಿವರ ಸಮೀಕ್ಷೆಗೆ ಇನ್ನೂ 90 ದಿನ, ಜವಾಬ್ದಾರರನ್ನು ಗುರುತಿಸಲು 90 ದಿನ. ಮಲಿನ ಮಾಡಿದವರೇ ಖರ್ಚು ಕೊಡಬೇಕು. ಅವರು ಸಿಗದಿದ್ದರೆ, ಕೈಲಾಗದಿದ್ದರೆ ಕೇಂದ್ರ ಮತ್ತು ರಾಜ್ಯ ಹಣ ಹೊಂದಿಸಬೇಕು. ಇಷ್ಟೆಲ್ಲಾ ಗಡುವು ಹಾಕಿ ಶುದ್ಧೀಕರಣ ಮುಗಿಸುವುದಕ್ಕೆ ಮಾತ್ರ ಗಡುವು ಇಟ್ಟಿಲ್ಲ. ನಿಯಮ ಬಂದಾಗ ದೇಶದಲ್ಲಿ ಗುರುತಾಗಿದ್ದ ಜಾಗ 103, ಕೆಲಸ ಶುರುವಾಗಿದ್ದು 7ರಲ್ಲಿ. ಗಣಿ ತ್ಯಾಜ್ಯ ನಿಯಮದ ಹೊರಗಿದೆ. ಕೆಜಿಎಫ್‌ನ ಸೈನೈಡ್ ದಿಬ್ಬಗಳನ್ನು ಉದಾಹರಣೆ ಕೊಡಲು ಹೋಗಬೇಡಿ.

ಈಗ ತುರ್ತು ಕೆಲಸ: ಆ ಪ್ರಕ್ರಿಯೆ ನಡೆಸುವ ಲಿಕ್ವಿಡೇಟರ್ ಹತ್ತಿರ ಶುದ್ಧೀಕರಣದ ಖರ್ಚಿಗೆ ಕ್ಲೇಮ್ ಹಾಕಿಸಿ. ಲಿಕ್ವಿಡೇಶನ್ ಆರಂಭವಾದ ದಿನದಿಂದ 30 ದಿನದೊಳಗೆ. ಹಣ ಹಂಚುವ ಸಾಲಿನಲ್ಲಿ ಬ್ಯಾಂಕ್ ಮುಂದೆ, ಸರ್ಕಾರದ ಬಾಕಿ ಬಹಳ ಹಿಂದೆ, ಬಿಡಿಗಾಸೂ ಸಿಗದಿರಬಹುದು. ಆದರೂ ಹಾಕಬೇಕು. ‘ವಸೂಲಿಗೆ ಪ್ರಯತ್ನಿಸಿದೆವು, ಸಿಗಲಿಲ್ಲ’ ಎಂಬ ಕಾಗದವಿಲ್ಲದೆ ವಾರಸುದಾರರಿಲ್ಲದ ಜಾಗ ಎಂದು ವಾದಿಸುವುದು ಕಷ್ಟ. ಜೊತೆಗೆ ಮಂಡಳಿಯ ಹಳೇ ಸಮ್ಮತಿ ಪತ್ರ, ಅಪಾಯಕಾರಿ ತ್ಯಾಜ್ಯದ ಫಾರಂ 4 ವಾರ್ಷಿಕ ವರದಿ, ಫಾರಂ 10 ಸಾಗಣೆ ಚೀಟಿ, ಕೆಐಎಡಿಬಿ (ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ) ಹಂಚಿಕೆ ಪತ್ರದ ನಕಲು ತೆಗೆಸಿ. ಲೀಸ್-ಕಮ್-ಸೇಲ್ (ಮೊದಲು ಗುತ್ತಿಗೆ, ಆಮೇಲೆ ಕ್ರಯ) ಜಾಗವಾಗಿದ್ದು ಕ್ರಯಪತ್ರ ಆಗಿರದಿದ್ದರೆ ಮಾಲೀಕರು ಕೆಐಎಡಿಬಿಯೇ. ಆಗ ಮಾತುಕತೆಯೇ ಬೇರೆ.

ಮಂಡಳಿ ನೇರವಾಗಿ ಪರಿಸರ ಪರಿಹಾರ ವಸೂಲಿ ಮಾಡಬಹುದೆಂದು ಸುಪ್ರೀಂ ಕೋರ್ಟ್ 2025ರ ಆಗಸ್ಟ್‌ನಲ್ಲಿ ಹೇಳಿದೆ (ಜಲ ಕಾಯ್ದೆ 33ಎ, ವಾಯು ಕಾಯ್ದೆ 31ಎ). ಪತ್ರದಲ್ಲಿ ಅದನ್ನು ಉಲ್ಲೇಖಿಸಿ.

ಮಣ್ಣುನೀರು:
ಹಣದ ಮಾತು ಅಳತೆಯ ಮೇಲೆ ನಿಂತಿದೆ. ನೀರು ಕಣ್ಣಿಗೇ ಹಳದಿ ಕಾಣುತ್ತಿದ್ದರೆ, ಅದಕ್ಕೆ ಕ್ರೋಮಿಯಂ ಕಾರಣವಾಗಿದ್ದರೆ, ಲೀಟರಿಗೆ 0.05 ಮಿಲಿಗ್ರಾಂ ಮಿತಿಯನ್ನು ಎಷ್ಟೋ ಪಟ್ಟು ದಾಟಿದೆ ಎಂದರ್ಥ. ಆ ಬೋರ್‌ವೆಲ್ ಇವತ್ತೇ ಮುಚ್ಚಿಸಿ.

ಹೆಕ್ಸಾವೇಲೆಂಟ್ ಕ್ರೋಮಿಯಂ (ಕ್ರೋಮಿಯಂ-6, ಇದೇ ವಿಷಕಾರಿ ರೂಪ) ಪರೀಕ್ಷೆಗೆ ತೆಗೆದ ನೀರಿಗೆ ಆಮ್ಲ ಹಾಕಬಾರದು. ಮಾಮೂಲಿ ಲೋಹ ಪರೀಕ್ಷೆಯ ಅಭ್ಯಾಸದಲ್ಲಿ ಹಾಕಿಬಿಡುತ್ತಾರೆ, ಆಮೇಲೆ ಕ್ರೋಮಿಯಂ-6 ಕ್ರೋಮಿಯಂ-3 ಆಗಿ ವರದಿ ‘ಸುರಕ್ಷಿತ’ ಎಂದು ಬರುತ್ತದೆ. 4 ಡಿಗ್ರಿಯಲ್ಲಿಟ್ಟು 24 ಗಂಟೆಯೊಳಗೆ ಪರೀಕ್ಷಿಸಬೇಕು. ಮಣ್ಣಿನಲ್ಲಿ ಒಟ್ಟು ಕ್ರೋಮಿಯಂ ಮಾತ್ರ ನೋಡಿದರೆ ಸಾಲದು. ಹಾಸನದ ನುಗ್ಗೇಹಳ್ಳಿ ಕಡೆಯಂತೆ ಕ್ರೋಮೈಟ್ (ಕ್ರೋಮಿಯಂ ಅದಿರು) ಇರುವ ನೆಲದಲ್ಲಿ ಅದು ಸಹಜವಾಗಿಯೇ ಜಾಸ್ತಿ. ಘಟಕದ ಹೊರಗಿನ, ಮುಟ್ಟದ ಮಣ್ಣಿನ ಮಾದರಿಯೂ ಬೇಕು.

ಅಂದಾಜಿಗೊಂದು ಲೆಕ್ಕ: ಟ್ಯಾಂಕ್, ಚರಂಡಿ ಸುತ್ತ 1,000 ಚದರ ಮೀಟರ್, ಒಂದೂವರೆ ಮೀಟರ್ ಆಳ ಎಂದರೆ 1,500 ಘನ ಮೀಟರ್, ಸುಮಾರು 2,550 ಟನ್. ಕೆಜಿಗೆ 200 ಮಿಲಿಗ್ರಾಂ ಇದ್ದರೆ ಒಟ್ಟು 510 ಕೆಜಿ ಕ್ರೋಮಿಯಂ-6. ಅದನ್ನು ಕ್ರೋಮಿಯಂ-3 ಮಾಡಲು ಒಂದು ಕೆಜಿಗೆ ಲೆಕ್ಕದ ಪ್ರಕಾರ 16 ಕೆಜಿ ಫೆರಸ್ ಸಲ್ಫೇಟ್ (ಕಬ್ಬಿಣದ ಲವಣ), ಅಂದರೆ 8 ಟನ್‌ಗೆ ಸ್ವಲ್ಪ ಮೇಲೆ. ಗಾಳಿಯ ಆಕ್ಸಿಜನ್ನೂ ಕಬ್ಬಿಣವನ್ನು ತಿನ್ನುವುದರಿಂದ ಎರಡು-ಮೂರು ಪಟ್ಟು ಇಟ್ಟುಕೊಳ್ಳಿ, ಮೊದಲು ಲ್ಯಾಬ್‌ನಲ್ಲಿ ಚಿಕ್ಕ ಪ್ರಮಾಣದಲ್ಲಿ ನೋಡಿ. ಆಮ್ಲೀಯತೆ ಏರುತ್ತದೆ, ಸುಣ್ಣ ಹಾಕಿ ಪಿಎಚ್ 7–8ಕ್ಕೆ ತರಬೇಕು.

ತಮಿಳುನಾಡಿನ ರಾಣಿಪೇಟೆಯ ಡಿಪಿಆರ್ (ವಿವರವಾದ ಯೋಜನಾ ವರದಿ) ನಕಲು ಮಾಡಬೇಡಿ. ಅಲ್ಲಿರುವುದು ಕ್ರೋಮೇಟ್ ತಯಾರಿಕೆಯ ಗಸಿ, ಲಕ್ಷ ಟನ್‌ಗೂ ಹೆಚ್ಚು. ಅಂಥ ಕ್ಷಾರೀಯ ಗಸಿಯಲ್ಲಿ ಫೆರಸ್ ಸಲ್ಫೇಟ್ ಹೊರಮೈಯಲ್ಲೇ ಮುಗಿದುಹೋಗುತ್ತದೆ, ಸಲ್ಫೇಟ್ ಸೇರಿ ನೆಲ ಉಬ್ಬುವುದೂ ಉಂಟು. ನಿಮ್ಮದು ಪ್ಲೇಟಿಂಗ್ ದ್ರಾವಣದ ಸೋರಿಕೆ, ಅಷ್ಟು ಹಠಮಾರಿಯಲ್ಲ.

ಅಂತರ್ಜಲವೇ ತಲೆನೋವು. ಬಿರುಕು ಬಿಟ್ಟ ಗಟ್ಟಿ ಬಂಡೆಯಲ್ಲಿ ಕಲುಷಿತ ನೀರನ್ನು ಪಂಪ್ ಮಾಡಿ ತೆಗೆದಾಗ ಕ್ರೋಮಿಯಂ ಅಂಕಿ ಇಳಿಯುತ್ತದೆ, ನಿಲ್ಲಿಸಿದ ಮೇಲೆ ಮತ್ತೆ ಏರುತ್ತದೆ. ಪಂಪ್ ನಿಲ್ಲಿಸಿ ಕನಿಷ್ಠ ಒಂದು ವರ್ಷ, ಮೂರು ತಿಂಗಳಿಗೊಮ್ಮೆ ನೋಡುವ ಖರ್ಚನ್ನು ಈಗಲೇ ಅಂದಾಜಿನಲ್ಲಿ ಸೇರಿಸಿ. ಆಮೇಲೆ ಕೇಳಿದರೆ ಯಾರೂ ಕೊಡುವುದಿಲ್ಲ.

ಪುರಸೇವೆ:
ಇಬ್ಬರಿಗೂ ಧನ್ಯವಾದ. ಮಾರುಕಟ್ಟೆ ಕಟ್ಟಡವನ್ನೂ ಅದೇ ಡಿಪಿಆರ್‌ನಲ್ಲಿ ತೋರಿಸಿದರೆ?

ಅಡಿಪಾಯ:
ಬೇರೆ ಬೇರೆ ಮಾಡಿ. ನಿಯಮ ಹೇಳುವುದು ಶುದ್ಧೀಕರಣದ ಖರ್ಚು, ಮಳಿಗೆ ಕಟ್ಟುವ ಖರ್ಚಲ್ಲ. ಎರಡನ್ನೂ ಕಲಸಿದರೆ ಎರಡೂ ನಿಲ್ಲುತ್ತವೆ. ಅಮೆರಿಕದಲ್ಲಿ ಇಂಥ ಜಾಗ ಮರುಬಳಕೆಗೆ ಬರಲೆಂದೇ ಬ್ರೌನ್‌ಫೀಲ್ಡ್ (ಕಲುಷಿತ ಹಳೇ ಕೈಗಾರಿಕಾ ಜಾಗ) ಅನುದಾನವಿದೆ, 2021ರ ಕಾಯ್ದೆಯಲ್ಲಿ ಅದಕ್ಕೆ 150 ಕೋಟಿ ಡಾಲರ್ ಇಟ್ಟರು. ನಮ್ಮಲ್ಲಿ ಕಲ್ಲಿದ್ದಲು ಸೆಸ್‌ನಿಂದ ಹಸಿರು ನಿಧಿಯೊಂದಿತ್ತು, ಟನ್‌ಗೆ ₹400ರವರೆಗೆ ಏರಿದ್ದ ಆ ಸೆಸ್ 2017ರಲ್ಲಿ ಜಿಎಸ್‌ಟಿ ಪರಿಹಾರದ ಪಾಲಾಯಿತು.

ಆದರೆ ಅಲ್ಲಿ ಏನು ಬರುತ್ತದೆ ಎಂಬುದು ಮಾತ್ರ ಮೊದಲೇ ತೀರ್ಮಾನ ಆಗಬೇಕು. ಕೆನಡಾದ ಮಾರ್ಗಸೂಚಿಯಲ್ಲಿ ಕ್ರೋಮಿಯಂ-6 ಮಿತಿ ವಸತಿಗೆ ಕೆಜಿಗೆ 0.4 ಮಿಲಿಗ್ರಾಂ, ವಾಣಿಜ್ಯಕ್ಕೆ 1.4. ಇಷ್ಟು ವ್ಯತ್ಯಾಸಕ್ಕೆ ಅಗೆಯಬೇಕಾದ ಮಣ್ಣು ಎಷ್ಟೋ ಹೆಚ್ಚಾಗಬಹುದು.

ನೆಲಮಾಳಿಗೆ ಬೇಡ, ಬೋರ್‌ವೆಲ್ ಬೇಡ. ಮಳೆನೀರು ಇಂಗುಗುಂಡಿ ಖಂಡಿತ ಬೇಡ: ಉಳಿದ ಕ್ರೋಮಿಯಂ ಅದೇ ದಾರಿಯಲ್ಲಿ ಬಂಡೆಗೆ ಇಳಿಯುತ್ತದೆ. ನಕ್ಷೆ ಮಂಜೂರಾತಿಯಲ್ಲಿ ಇಂಗುಗುಂಡಿ ತಾನಾಗಿಯೇ ಸೇರಿಕೊಂಡಿರುತ್ತದೆ, ತೆಗೆಸಿ, ಬದಲಿಗೆ ಚಾವಣಿ ನೀರಿಗೆ ತೊಟ್ಟಿ ತೋರಿಸಿ.