ಹೆಸರಿಂದ ವೇರಿಯಬಲ್ ಮಾಡೋದಾ, ರೆಫರೆನ್ಸಾ? ಅನುಭವ ಇದ್ದೋರು ಹೇಳಿ

ಸಾಗರದಿಂದ: ಅಡಿಕೆ ಮಂಡಿ ಲೆಕ್ಕಕ್ಕೆ ಪಿಎಚ್‌ಪಿ ಭಾಷೇಲಿ ಸ್ಕ್ರಿಪ್ಟ್ ಬರೀತಿದೀನಿ. ರಾಶಿ, ಬೆಟ್ಟೆ, ಸರಕು, ಗೊರಬಲು ಅಂತ ನಾಲ್ಕು ತರದ ಅಡಿಕೆ, ಒಂದೊಂದಕ್ಕೂ ಬೇರೆ ಟೋಟಲ್ ಬೇಕು. ಫೈಲಲ್ಲಿ ಯಾವ ಹೆಸ್ರು ಬರುತ್ತೋ ಆ ಹೆಸ್ರಿನ ವೇರಿಯಬಲ್ಲನ್ನೇ ಎರಡು ಡಾಲರ್ ($$) ಹಾಕಿ ಮಾಡ್ಕೊಳ್ಳೋದಾ, ಇಲ್ಲಾ ರೆಫರೆನ್ಸ್ (ಇರೋ ವೇರಿಯಬಲ್ಲಿಗೇ ಇನ್ನೊಂದು ಹೆಸ್ರು) ಇಟ್ಕೊಳ್ಳೋದಾ?

ತೀರ್ಥಹಳ್ಳಿಯಿಂದ: ಎರಡು ಡಾಲರ್ ಬೇಡ ಮಾರಾಯ್ರೆ. ನಾನೂ ಹಂಗೇ ಬರ್ದಿದ್ದೆ, ಎರಡು ವಾರ ಚೆನ್ನಾಗೇ ಓಡ್ತು, ಆಮೇಲೆ ಒಂದು ಚೀಟಿಲಿ ಗೊರಬಲು ಅನ್ನೋದು ಗೊರಬಾಲು ಅಂತ ಟೈಪಾಗಿತ್ತು, ಪಿಎಚ್‌ಪಿ ಆ ಹೆಸ್ರಲ್ಲೇ ಹೊಸ ವೇರಿಯಬಲ್ ಮಾಡ್ಕೊಂಡು ಮೂರು ಕ್ವಿಂಟಾಲ್ ಅದ್ರೊಳಗೆ ಹಾಕಿ ಮುಂದೆ ಹೋಯ್ತು, ನಾನು ಕೊನೇಲಿ ಕೂಡ್ಸಿದ್ದು ಗೊತ್ತಿರೋ ನಾಲ್ಕೇ ಹೆಸ್ರು. ಈ ವೇರಿಯಬಲ್ ಇನ್ನೂ ಇಲ್ಲ ಅಂತ ವಾರ್ನಿಂಗ್ ಬರುತ್ತೆ ನಿಜ, ಆದ್ರೆ ಪ್ರತಿ ಹೆಸ್ರು ಮೊದ್ಲ ಸಲ ಬಂದಾಗ್ಲೂ ಅದೇ ವಾರ್ನಿಂಗು ಅಂತ ಆಫ್ ಮಾಡಿಟ್ಟಿದ್ದೆ. ರೈತರ ದುಡ್ಡಿನ ಲೆಕ್ಕ ಅದು, ರಾತ್ರಿ ಕೂತು ಚೀಟಿ ಎಲ್ಲಾ ಮತ್ತೆ ತಾಳೆ ನೋಡ್ಬೇಕಾಯ್ತು. ಈಗ ಒಂದೇ ಅರೇ (ಕೀ ಅನ್ನೋ ಹೆಸ್ರು ಕೊಟ್ರೆ ಅದ್ರ ಅಂಕಿ ಸಿಗೋ ಪಟ್ಟಿ), ಅಡಿಕೆ ಹೆಸ್ರೇ ಕೀ, ನಾಲ್ಕೂ ಕೀಗೆ ಮೊದ್ಲೇ ಸೊನ್ನೆ ಹಾಕಿರ್ತೀನಿ, ಅದ್ರಲ್ಲಿಲ್ದಿರೋ ಹೆಸ್ರು ಬಂದ್ರೆ ಲೈನ್ ನಂಬರ್ ಹೇಳಿ ಅಲ್ಲೇ ನಿಲ್ಸುತ್ತೆ.

ಇನ್ನೊಂದು, ಹೆಸ್ರು ವೆಬ್ ಫಾರ್ಮಿಂದ ಬರೋದಾದ್ರಂತೂ ಬೇಡ್ವೇ ಬೇಡ. ಯಾರಾದ್ರೂ ರೇಟ್ ವೇರಿಯಬಲ್ಲಿನ ಹೆಸ್ರನ್ನೇ ಕಳ್ಸಿದ್ರೆ ನಿಮ್ ರೇಟೇ ಬದ್ಲಾಗುತ್ತೆ. ಫಾರ್ಮಲ್ಲಿ ಬಂದಿದ್ದನ್ನ ತಾನಾಗೇ ವೇರಿಯಬಲ್ ಮಾಡೋ ರಿಜಿಸ್ಟರ್ ಗ್ಲೋಬಲ್ಸನ್ನ 2002ರಲ್ಲಿ ಪಿಎಚ್‌ಪಿ 4.2ರಿಂದ ಡೀಫಾಲ್ಟಾಗಿ ಆಫ್ ಮಾಡಿ, 2012ರಲ್ಲಿ 5.4ರಲ್ಲಿ ತೆಗ್ದೇಬಿಟ್ರು.

ಶಿವಮೊಗ್ಗದಿಂದ: ಅರೇ ಅಂದಿದ್ದು ಸರಿ. ರೆಫರೆನ್ಸ್ ಬಳಸೋದಾದ್ರೆ ಒಂದು ಹುಷಾರು. ಫೋರೀಚ್ ಲೂಪಲ್ಲಿ (ಪಟ್ಟೀಲಿರೋದನ್ನ ಒಂದೊಂದಾಗಿ ತಗೊಳ್ಳೋದು) ಆಂಪರ್ಸ್ಯಾಂಡ್ (&, ಅಂದ್ರೆ ರೆಫರೆನ್ಸ್) ಹಾಕಿ ಟೋಟಲ್ ತಿದ್ದಿದ್ರೆ, ಲೂಪ್ ಮುಗಿದ್ಮೇಲೂ ಆ ವೇರಿಯಬಲ್ಲು ಕೊನೇ ಐಟಮ್ಮಿಗೇ ಅಂಟ್ಕೊಂಡಿರುತ್ತೆ. ಅದೇ ಹೆಸ್ರಲ್ಲಿ ಇನ್ನೊಂದು ಮಾಮೂಲಿ ಲೂಪ್ ಓಡ್ಸಿ ನೋಡಿ, ಪ್ರತಿ ಸುತ್ತಲ್ಲೂ ಕೊನೇ ಐಟಮ್ಮಿನ ಮೇಲೆ ಬರೀತಾ ಹೋಗಿ, ಕೊನೇಗೆ ಗೊರಬಲು ಜಾಗದಲ್ಲಿ ಅದ್ರ ಹಿಂದಿನ ಸರಕಿನ ಅಂಕಿ ಕೂತಿರುತ್ತೆ. ನಮ್ಗೆ ರೇಟ್ ಪಟ್ಟೀಲಿ ಇದಾಯ್ತು, ಗೊರಬಲಿಗೆ ಸರಕಿನ ರೇಟು ಕಂಡಿದ್ದಕ್ಕೆ ತಕ್ಷಣ ಗೊತ್ತಾಯ್ತು, ಹತ್ತಿರತ್ತಿರದ ರೇಟಾಗಿದ್ರೆ ಯಾರೂ ನೋಡ್ತಿರ್ಲಿಲ್ಲ. ಲೂಪ್ ಮುಗಿದ ಕೂಡ್ಲೇ ಆ ವೇರಿಯಬಲ್ಲನ್ನ ಅನ್‌ಸೆಟ್ ಮಾಡಿ, ಆ ಅಂಟು ಬಿಡುತ್ತೆ.

ಕೊಪ್ಪದಿಂದ: ನಾನು ಪರ್ಲ್ ಭಾಷೇಲಿ ಬರೆಯೋನು. ಅಲ್ಲಿ ಸ್ಟ್ರಿಕ್ಟ್ (ತಪ್ಪು ದಾರಿ ತಡೆಯೋ ಕಟ್ಟುನಿಟ್ಟಿನ ಸೆಟ್ಟಿಂಗ್) ಹಾಕಿದ್ರೆ ಹೆಸ್ರನ್ನ ರೆಫರೆನ್ಸ್ ತರ ಬಳಸೋಕೆ ಬಿಡೋದೇ ಇಲ್ಲ, ಎರರ್ ಕೊಟ್ಟು ನಿಲ್ಲುತ್ತೆ. ಸ್ಟ್ರಿಕ್ಟ್ ತೆಗ್ದ್ರೂ my ಅನ್ನೋ ಪದ ಹಾಕಿ ಮಾಡಿದ ಲೋಕಲ್ ವೇರಿಯಬಲ್ ಆ ದಾರೀಲಿ ಸಿಗಲ್ಲ, ಪ್ಯಾಕೇಜಿನ ಗ್ಲೋಬಲ್ಲುಗಳಷ್ಟೇ. ಹ್ಯಾಶ್ (ಪಿಎಚ್‌ಪಿಯ ಕೀ ಇರೋ ಅರೇ ತರದ್ದು) ಮಾಡಿ, ಫಂಕ್ಷನ್ನಿಗೆ ಅದ್ರ ರೆಫರೆನ್ಸ್ ಕೊಡಿ, ನಾಳೆ ಐದನೇ ತರದ ಅಡಿಕೆ ಬಂದ್ರೂ ಒಂದು ಕೀ ಸೇರ್ಸಿದ್ರೆ ಆಯ್ತು.