ಆಫೀಸ್ ಮೇಲ್ ಸ್ವಂತ ಫೋನಲ್ಲಿ ಹಾಕಬಹುದಾ?

ಪ್ರಶ್ನೆ:
ಹೊಸ ಕಂಪನಿಯಲ್ಲಿ ಆಫೀಸ್ ಮೇಲನ್ನು ನನ್ನ ಆಂಡ್ರಾಯ್ಡ್ ಫೋನಲ್ಲೇ ಹಾಕಿಕೊಳ್ಳಿ ಅನ್ನುತ್ತಿದ್ದಾರೆ. ಮನೆಯವರ ಫೋಟೋ, ಬ್ಯಾಂಕ್ ಆ್ಯಪ್ ಎಲ್ಲಾ ಅದರಲ್ಲೇ ಇದೆ. ಇನ್ನೊಂದು ಫೋನ್ ತಗೋಬೇಕಾ?

ಉತ್ತರ 1:
ಸುಮ್ನೆ ದುಡ್ಡು ಹಾಕಬೇಡಿ. ವರ್ಕ್ ಪ್ರೊಫೈಲ್ (ಅದೇ ಫೋನಲ್ಲಿ ಆಫೀಸ್ ಆ್ಯಪ್‌ಗಳಿಗೆ ಅಂತಲೇ ಬೇರೆ ಭಾಗ) ಮಾಡಿಕೊಡಿ ಅಂತ ಐಟಿಯವರನ್ನು ಕೇಳಿ. ಆಫೀಸ್ ಆ್ಯಪ್‌ಗಳ ಮೇಲೆ ಸಣ್ಣ ಬ್ರೀಫ್‌ಕೇಸ್ ಗುರುತು ಬರುತ್ತದೆ, ನಿಮ್ಮ ಫೋಟೋ, ಮೆಸೇಜ್ ಅವರಿಗೆ ಕಾಣುವುದಿಲ್ಲ, ಕೆಲಸ ಬಿಟ್ಟಾಗ ಅವರು ಅಳಿಸಿದರೂ ಆ ಭಾಗ ಮಾತ್ರ ಹೋಗುತ್ತದೆ. ಸಂಜೆ ಆ ಪ್ರೊಫೈಲ್ ಆಫ್ ಮಾಡಿಟ್ಟರೆ ನೋಟಿಫಿಕೇಶನ್ ಕಾಟವೂ ಇಲ್ಲ.

ಉತ್ತರ 2:
ಇದಕ್ಕಿಂತ ಮುಖ್ಯ, ಪಿಎಫ್, ಇನ್‌ಕಮ್ ಟ್ಯಾಕ್ಸ್, ಬ್ಯಾಂಕಿಗೆ ಆಫೀಸ್ ಮೇಲ್ ಐಡಿ ಕೊಡಲೇಬೇಡಿ. ಕೆಲಸ ಬಿಟ್ಟ ಮೇಲೆ ಆ ಮೇಲ್ ಬಂದ್, ಪಾಸ್‌ವರ್ಡ್ ಬದಲಿಸುವ ಲಿಂಕ್ ಎಲ್ಲಿಗೆ ಬರುತ್ತದೆ ಹೇಳಿ? ಆಫೀಸ್ ಸಿಮ್ ನಂಬರೂ ಬೇಡ, ಒಟಿಪಿ ಅದಕ್ಕೇ ಹೋಗುತ್ತದೆ ಅಲ್ವಾ.

ಉತ್ತರ 3:
ಲ್ಯಾಪ್‌ಟಾಪಲ್ಲೂ ಹುಷಾರು. ಆಫೀಸ್ ಕ್ರೋಮ್‌ನಲ್ಲಿ ಸ್ವಂತ ಜಿಮೇಲ್ ಸಿಂಕ್ ಮಾಡಿದರೆ ಸೇವ್ ಆಗಿರುವ ಪಾಸ್‌ವರ್ಡ್‌ಗಳೂ ಆ ಮೆಷಿನ್‌ಗೆ ಬಂದುಬಿಡುತ್ತವೆ.